ಮುನಿರಾಬಾದಿನ ‘ಆಬಾದ್’: ಹುಲಿಗಿಯ ಮಗ್ಗುಲಲ್ಲಿ ನೆಲೆಸಿದ ಪಾರ್ಸಿ ಪದದ ಮೂಲ ಮತ್ತು ಅರ್ಥ

ಹುಲಿಗಿ (ಕೊಪ್ಪಳ ಜಿಲ್ಲೆ): ಹುಣ್ಣಿಮೆಯ ದಿನ ಹುಲಿಗೆಮ್ಮ ದೇವಿಯ ದರ್ಶನಕ್ಕೆಂದು ರೈಲಿನಲ್ಲಿ ಹೊರಡುವ ಭಕ್ತರು ತಲೆಮಾರುಗಳಿಂದ ಒಂದು ವೈಚಿತ್ರ್ಯಕ್ಕೆ ಒಗ್ಗಿಕೊಂಡು ಬಂದವರು. ಹೊರಟದ್ದು ಹುಲಿಗಿಗೆ, ಟಿಕೆಟ್ ಕೊಂಡದ್ದು ಮುನಿರಾಬಾದಿಗೆ. ಒಂದೇ ನೆಲಕ್ಕೆ ಅಕ್ಕಪಕ್ಕದಲ್ಲಿ ಎರಡು ಹೆಸರುಗಳು. ಮೊದಲನೆಯದು ದೇವಿಯ ಹೆಸರಿನೊಡನೆ ಬೆಸೆದುಕೊಂಡ ಕನ್ನಡದ ಹೆಸರು. ಎರಡನೆಯದು ಅರಬ್ಬಿ ಹಾಗೂ ಪಾರ್ಸಿ ಪದಗಳು ಕೂಡಿ ಆದ ಹೆಸರು. ರೈಲು ನಿಲ್ದಾಣಕ್ಕೆ ದೇವಿಯ ಹೆಸರನ್ನೇ ಇಡಬೇಕೆಂಬ ಬೇಡಿಕೆ ಈ ಭಾಗದಲ್ಲಿ ಕೇಳಿಬಂದದ್ದೂ ಉಂಟು.

ಹೆಸರು ಇರಲಿ, ಬಿಡಲಿ ಎಂಬ ವಾದದಲ್ಲಿ ಹೆಚ್ಚಾಗಿ ಮರೆಗೆ ಸರಿಯುವುದು ಹೆಸರಿನ ಅರ್ಥ. ‘ಆಬಾದ್’ ಎಂದರೇನು? ಅದು ಎಲ್ಲಿ ಹುಟ್ಟಿತು? ತುಂಗಭದ್ರೆಯ ದಂಡೆಗೆ ಬರುವ ಮೊದಲು ಎಲ್ಲೆಲ್ಲಿ ಸಂಚರಿಸಿತು? ಈ ಪ್ರಶ್ನೆಗಳ ಬೆನ್ನು ಹತ್ತಿದರೆ ದಾರಿ ಹೈದರಾಬಾದಿಗಷ್ಟೇ ಹೋಗಿ ನಿಲ್ಲುವುದಿಲ್ಲ. ಅದು ಇರಾನಿಗೆ, ಅಲ್ಲಿಂದ ಮುಂದೆ ಕಾಕಸಸ್ ಪರ್ವತಗಳ ದಕ್ಷಿಣಕ್ಕಿರುವ ಅರ್ಮೇನಿಯಕ್ಕೆ ಕರೆದೊಯ್ಯುತ್ತದೆ. ಇತ್ತ, ಕನ್ನಡಿಗರು ನಿತ್ಯ ಬಳಸುವ ‘ಗೋಪ’, ‘ಭೂಪ’ ಎಂಬ ಸಂಸ್ಕೃತ ಪದಗಳ ಬಾಗಿಲಿಗೂ ತಂದು ನಿಲ್ಲಿಸುತ್ತದೆ.

ತಿರುಳ್ಗನ್ನಡದ ನೆಲದಲ್ಲಿ

ಒಂಬತ್ತನೆಯ ಶತಮಾನದ ಕೃತಿಯಾದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಎನಿಸಿದ ಪ್ರದೇಶವನ್ನು ಗುರುತಿಸುವಾಗ ನಾಲ್ಕು ಊರುಗಳನ್ನು ಹೆಸರಿಸುತ್ತದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಎಂಬ ಆ ನಾಲ್ಕರಲ್ಲಿ ಕೊಪಣವೇ ಇಂದಿನ ಕೊಪ್ಪಳ. ಪುಲಿಗೆರೆ ಎಂದರೆ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಹೀಗೆ ಅಚ್ಚಗನ್ನಡದ ಹೃದಯಭಾಗವೆಂದು ಹನ್ನೊಂದು ಶತಮಾನಗಳ ಹಿಂದೆಯೇ ಹೆಸರಾದ ನೆಲದಲ್ಲಿ ಪಾರ್ಸಿ ಪದವೊಂದು ಊರ ಹೆಸರಾಗಿ ಬೇರೂರಿದೆ. ಇದಕ್ಕೆ ಕಾರಣ ಈ ಭಾಗದ ಆಡಳಿತ ಚರಿತ್ರೆ.

ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಕೊಪ್ಪಳವು ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ‘ಜಹಗೀರು’ ಎಂಬುದು ಕೂಡ ಪಾರ್ಸಿಯ ಪದವೇ. ‘ಜಾಯ್’ ಎಂದರೆ ಸ್ಥಳ, ‘ಗೀರ್’ ಎಂದರೆ ಹಿಡಿದವನು ಅಥವಾ ಹಿಡಿದದ್ದು. ಎರಡೂ ಸೇರಿ ‘ಹಿಡಿದ ಸ್ಥಳ’ ಎಂಬ ಅರ್ಥ. ಕುಷ್ಟಗಿ ತಾಲ್ಲೂಕಿನ ಜಹಗೀರ ಗುಡದೂರಿನ ಹೆಸರಿನಲ್ಲಿ ಆ ವ್ಯವಸ್ಥೆಯ ನೆನಪು ಉಳಿದಿದೆ. ಸಂಸ್ಥಾನದ ಆಡಳಿತ ಭಾಷೆಯಾಗಿ ಮೊದಲು ಪಾರ್ಸಿ ಇತ್ತು. 1880ರ ದಶಕದಲ್ಲಿ ಅದರ ಸ್ಥಾನವನ್ನು ಉರ್ದು ಪಡೆಯಿತು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಭಾರತದ ಒಕ್ಕೂಟಕ್ಕೆ ಸೇರಿತು. 1949ರಲ್ಲಿ ಜಹಗೀರು ಪದ್ಧತಿ ರದ್ದಾಯಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯ ಭಾಗವಾಗಿ ಕೊಪ್ಪಳವು ಮೈಸೂರು ರಾಜ್ಯಕ್ಕೆ ಬಂದು, 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಆಡಳಿತಗಳು ಬದಲಾದವು, ಆದರೆ ಕಚೇರಿಯ ಕಡತಗಳಲ್ಲಿ, ಜನರ ಬಾಯಲ್ಲಿ ಪದಗಳು ಉಳಿದವು.

ಮುನಿರಾಬಾದ್ ಎಂಬ ಹೆಸರನ್ನು ಬಿಡಿಸಿದರೆ ‘ಮುನೀರ್’ ಮತ್ತು ‘ಆಬಾದ್’ ಎಂಬ ಎರಡು ಭಾಗಗಳು ದೊರೆಯುತ್ತವೆ. ಕನ್ನಡದ ಕಿವಿಗೆ ಮೊದಲು ಕೇಳಿಸುವುದು ‘ಮುನಿ’ ಎಂಬ ಪದ. ಆದರೆ ಋಷಿಮುನಿಗಳಿಗೂ ಈ ಹೆಸರಿಗೂ ಸಂಬಂಧವಿಲ್ಲ. ‘ಮುನೀರ್’ ಎಂಬುದು ಅರಬ್ಬಿ ಪದ. ಬೆಳಕು ಎಂಬ ಅರ್ಥದ ‘ನೂರ್’ ಪದ ಹುಟ್ಟಿದ ಮೂಲದಿಂದಲೇ ಇದೂ ಹುಟ್ಟಿದೆ. ಬೆಳಕು ಬೀರುವವನು, ಪ್ರಕಾಶಮಾನನು ಎಂಬುದು ಇದರ ಅರ್ಥ. ಕೊಪ್ಪಳದ ಜಹಗೀರುದಾರರಾಗಿದ್ದ ಸಾಲಾರ್ ಜಂಗ್ ಮನೆತನದಲ್ಲಿ ‘ಮುನೀರ್ ಉಲ್ ಮುಲ್ಕ್’, ಅಂದರೆ ‘ನಾಡಿನ ಬೆಳಕು’, ಎಂಬ ಬಿರುದು ಇತ್ತು. ಆ ಬಿರುದಿನ ಒಬ್ಬರು 1809ರಿಂದ 1832ರವರೆಗೆ ಹೈದರಾಬಾದಿನ ದಿವಾನರಾಗಿದ್ದರು. ಹೆಸರಿನ ಉಳಿದರ್ಧವಾದ ‘ಆಬಾದ್’ ಪದದ ಕಥೆ ಇದಕ್ಕಿಂತ ಬಹಳ ಹಳೆಯದು.

ನೀರಲ್ಲ, ಕಾವಲು

ಅಣೆಕಟ್ಟೆಯ ಪಕ್ಕದಲ್ಲೇ ಇರುವ ಊರಾದ್ದರಿಂದ ‘ಆಬಾದ್’ ಪದಕ್ಕೆ ನೀರಿನ ಸಂಬಂಧ ಕಲ್ಪಿಸುವುದು ಸುಲಭ. ಪಾರ್ಸಿಯಲ್ಲಿ ‘ಆಬ್’ ಎಂದರೆ ನೀರು. ಐದು ನದಿಗಳ ನಾಡು ‘ಪಂಜಾಬ್’ ಆದದ್ದು ಈ ‘ಆಬ್’ನಿಂದ. ಗುಲ್ ಎಂದರೆ ಹೂವು, ಅದರ ನೀರು ‘ಗುಲಾಬ್’. ಪನ್ನೀರಿನ ಹೆಸರೇ ಕ್ರಮೇಣ ಹೂವಿಗೆ ಬಂದು ಕನ್ನಡದಲ್ಲಿ ‘ಗುಲಾಬಿ’ಯಾಯಿತು. ಮದ್ಯದ ಸುಂಕ ವಸೂಲು ಮಾಡುವ ಸರ್ಕಾರಿ ಇಲಾಖೆಯ ಹೆಸರಾದ ‘ಅಬಕಾರಿ’ಯಲ್ಲೂ ಇದೇ ‘ಆಬ್’ ಇದೆ; ಬಟ್ಟಿ ಇಳಿಸುವ ಕೆಲಸ ಎಂಬುದು ಅದರ ಮೂಲಾರ್ಥ. ಸಂಸ್ಕೃತದಲ್ಲಿ ನೀರಿಗೆ ಇರುವ ‘ಅಪ್’ ಎಂಬ ಪದವೂ ಇದರ ಸೋದರ ಪದವೇ ಆಗಿದೆ.

ನೀರು ಇದ್ದಲ್ಲಿ ಊರು. ಆದ್ದರಿಂದ ‘ಆಬ್’ನಿಂದಲೇ ‘ಆಬಾದ್’ ಹುಟ್ಟಿತೆಂಬ ವಿವರಣೆ ಕೇಳಲು ಸೊಗಸಾಗಿದೆ. ಆದರೆ ಭಾಷಾಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಮಧ್ಯಕಾಲೀನ ಪಾರ್ಸಿಯಲ್ಲಿ, ಅಂದರೆ ಇಸ್ಲಾಂ ಪೂರ್ವದ ಇರಾನಿನ ಪಹ್ಲವಿ ಭಾಷೆಯಲ್ಲಿ, ಈ ಪದದ ರೂಪ ‘ಆಪಾತ್’ ಎಂದಿತ್ತು. ಅದನ್ನು ಬಿಡಿಸಿದರೆ ‘ಆ’ ಎಂಬ ಉಪಸರ್ಗ, ‘ಪಾ’ ಎಂಬ ಧಾತು ಮತ್ತು ‘ತ’ ಎಂಬ ಪ್ರತ್ಯಯ ದೊರೆಯುತ್ತವೆ. ‘ಪಾ’ ಎಂದರೆ ಕಾಯುವುದು, ರಕ್ಷಿಸುವುದು. ಆದ್ದರಿಂದ ‘ಆಬಾದ್’ ಎಂಬುದರ ಮೂಲಾರ್ಥ ‘ಕಾಪಾಡಲ್ಪಟ್ಟದ್ದು’. ಕಾವಲಿನಲ್ಲಿರುವ ನೆಲದಲ್ಲಿ ಜನ ನೆಲೆಸುತ್ತಾರೆ, ಉಳುಮೆ ನಡೆಯುತ್ತದೆ, ಸಮೃದ್ಧಿ ಉಂಟಾಗುತ್ತದೆ. ಹೀಗೆ ‘ರಕ್ಷಿತ’ ಎಂಬ ಅರ್ಥ ‘ಜನವಸತಿಯುಳ್ಳ’, ‘ಸಾಗುವಳಿಯಲ್ಲಿರುವ’, ‘ಸಮೃದ್ಧ’ ಎಂಬ ಅರ್ಥಗಳಿಗೆ ಹಬ್ಬಿ, ಕೊನೆಗೆ ಊರುಗಳ ಹೆಸರಿನ ಬಾಲವಾಗಿ ನಿಂತಿತು. ಜನಸಂಖ್ಯೆಗೆ ಹಿಂದಿ ಮತ್ತು ಉರ್ದುವಿನಲ್ಲಿ ಬಳಸುವ ‘ಆಬಾದಿ’ ಇದರಿಂದಲೇ ಆದದ್ದು.

ಈ ‘ಪಾ’ ಧಾತು ಕನ್ನಡಿಗರಿಗೆ ಅಪರಿಚಿತವಲ್ಲ. ಸಂಸ್ಕೃತದಲ್ಲಿಯೂ ‘ಪಾ’ ಎಂದರೆ ರಕ್ಷಿಸುವುದೇ. ಗೋವುಗಳನ್ನು ಕಾಯುವವನು ‘ಗೋಪ’, ಭೂಮಿಯನ್ನು ಕಾಯುವವನು ‘ಭೂಪ’, ಜನರನ್ನು ಕಾಯುವವನು ‘ನೃಪ’. ಇದನ್ನು ಸಂಸ್ಕೃತದಿಂದ ಪಾರ್ಸಿಗೆ ಹೋದ ಪದವೆಂದಾಗಲಿ, ಪಾರ್ಸಿಯಿಂದ ಸಂಸ್ಕೃತಕ್ಕೆ ಬಂದ ಪದವೆಂದಾಗಲಿ ತಿಳಿಯಬೇಕಾಗಿಲ್ಲ. ಎರಡೂ ಭಾಷೆಗಳಿಗೆ ಮೂಲವಾದ ಪ್ರಾಚೀನ ಇಂಡೋ-ಇರಾನಿಯನ್ ಭಾಷೆಯಿಂದ ಎರಡಕ್ಕೂ ಪಿತ್ರಾರ್ಜಿತವಾಗಿ ಬಂದ ಧಾತು ಇದು.

ಇದೇ ಧಾತು ಪಾರ್ಸಿಯಲ್ಲಿ ‘ಬಾನ್’ ಎಂಬ ಪ್ರತ್ಯಯವಾಗಿಯೂ ಉಳಿದಿದೆ. ‘ಬಾಗ್’ ಎಂದರೆ ತೋಟ. ಅದನ್ನು ಕಾಯುವವನು ‘ಬಾಗಬಾನ್’. ಉತ್ತರ ಕರ್ನಾಟಕದ ಸಂತೆ ಪೇಟೆಗಳಲ್ಲಿ ಹಣ್ಣಿನ ವ್ಯಾಪಾರಕ್ಕೆ ಹೆಸರಾದ ‘ಬಾಗವಾನ’ ಮನೆತನಗಳ ಅಡ್ಡಹೆಸರು ಈ ಪದದ ಕನ್ನಡ ರೂಪ. ಬಾಗಿಲು ಕಾಯುವ ‘ದರವಾನ’ನೂ ಇದೇ ಸಾಲಿಗೆ ಸೇರಿದವನು. ಅಂದರೆ ಊರ ಹೆಸರಿನ ‘ಆಬಾದ್’ನಲ್ಲಿಯೂ, ಹಣ್ಣಿನಂಗಡಿಯ ‘ಬಾಗವಾನ’ನಲ್ಲಿಯೂ, ಪುರಾಣದ ‘ಗೋಪ’ನಲ್ಲಿಯೂ ಇರುವುದು ಒಂದೇ ಕಾವಲಿನ ಅರ್ಥ.

ಅರ್ಮೇನಿಯದಲ್ಲಿ ಇದೇ ಪದ

ಪಾರ್ಸಿಯ ಈ ಪದ ದಕ್ಷಿಣಕ್ಕೆ ಬರುವುದಕ್ಕೆ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಉತ್ತರದ ಅರ್ಮೇನಿಯಕ್ಕೆ ಹೋಗಿತ್ತು. ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಅರ್ಮೇನಿಯವನ್ನು ಆಳಿದ ಅರ್ಷಕ ವಂಶದ ಅರಸರು ಇರಾನಿನ ಪಾರ್ಥಿಯನ್ ರಾಜಮನೆತನದ ಶಾಖೆಯವರು. ಆ ವಂಶದ ಆಳ್ವಿಕೆ ಅಲ್ಲಿ ಕ್ರಿ.ಶ. 428ರವರೆಗೆ ನಡೆಯಿತು. ಅರಮನೆ, ಸೈನ್ಯ, ಕಂದಾಯ, ಧರ್ಮ ಮುಂತಾದ ಎಲ್ಲ ಕ್ಷೇತ್ರಗಳಲ್ಲಿಯೂ ಇರಾನಿನ ಪದಗಳು ಅರ್ಮೇನಿಯನ್ ಭಾಷೆಗೆ ಹರಿದು ಬಂದವು. ನಿಜಾಮರ ಆಡಳಿತದ ಕಾಲದಲ್ಲಿ ಕೊಪ್ಪಳ ಸೀಮೆಯ ಕನ್ನಡಕ್ಕೆ ಆದದ್ದನ್ನು ಬಲ್ಲವರಿಗೆ ಇದು ಆಶ್ಚರ್ಯದ ಸಂಗತಿಯಾಗಿ ತೋರದು.

ಎರಡನೆಯ ಶತಮಾನದಲ್ಲಿ ವಾಘರ್ಶ್ ಎಂಬ ಅರಸನು ಕಟ್ಟಿಸಿದ ನಗರಕ್ಕೆ ‘ವಾಘರ್ಶಪತ್’ ಎಂದು ಹೆಸರಾಯಿತು. ಇದರ ಕೊನೆಯಲ್ಲಿರುವ ‘ಅಪತ್’ ಮುನಿರಾಬಾದಿನ ಕೊನೆಯಲ್ಲಿರುವ ‘ಆಬಾದ್’ ಪದದ ಹಳೆಯ ರೂಪ. ವಾಘರ್ಶಪತ್ ಎಂದರೆ ವಾಘರ್ಶನ ಆಬಾದ್. ಕನ್ನಡದ ರೀತಿಯಲ್ಲಿ ಹೇಳುವುದಾದರೆ ವಾಘರ್ಶನ ಊರು.

ಅರ್ಮೇನಿಯನ್ ಭಾಷೆಯಲ್ಲಿ ಇದರ ನಿಷೇಧ ರೂಪವೂ ಬಳಕೆಯಲ್ಲಿದೆ. ಇರಾನಿನ ಭಾಷೆಗಳಲ್ಲಿಯೂ ಸಂಸ್ಕೃತದಲ್ಲಿರುವಂತೆ ‘ಅನ್’ ಎಂಬುದು ಇಲ್ಲ ಎಂಬರ್ಥದ ಪೂರ್ವಪ್ರತ್ಯಯ. ಆ ರೀತಿ ‘ಅನಾಪತ್’ ಎಂದರೆ ಜನವಸತಿಯಿಲ್ಲದ, ಸಾಗುವಳಿಯಿಲ್ಲದ ನೆಲ. ಈ ಪದವನ್ನು ಅರ್ಮೇನಿಯನ್ನರು ಸ್ವೀಕರಿಸಿ, ಮರುಭೂಮಿಗೆ ‘ಅನಪತ್’ ಎಂದು ಕರೆದರು. ಜನರಿಂದ ದೂರವಾದ ಕಣಿವೆಗಳಲ್ಲಿ ಕ್ರೈಸ್ತ ವಿರಕ್ತರು ತಪಸ್ಸಿಗೆ ಕುಳಿತಾಗ ಅವರ ಆಶ್ರಮಗಳಿಗೂ ಅದೇ ಹೆಸರು ಬಂದಿತು. ಆ ದೇಶದ ದಕ್ಷಿಣದಲ್ಲಿ, ವೊರೊತಾನ್ ನದಿಯ ಕಣಿವೆಯಲ್ಲಿರುವ 17ನೆಯ ಶತಮಾನದ ಮಠವೊಂದನ್ನು ‘ತಾತೆವ್‌ನ ಮೆತ್ಸ್ ಅನಪತ್’, ಅಂದರೆ ‘ಮಹಾ ಅನಪತ್’, ಎಂದು ಕರೆಯುತ್ತಾರೆ. ನಿರ್ಜನತೆಯನ್ನು ಸೂಚಿಸುತ್ತಿದ್ದ ಪದ ಹೀಗೆ ಪವಿತ್ರ ಸ್ಥಳದ ಹೆಸರಾಯಿತು. ಗುಡ್ಡದ ಗವಿಯೇ ಮಠವಾಗಿ, ಮಠವೇ ಊರಿನ ಕೇಂದ್ರವಾದ ಕೊಪ್ಪಳದ ಗವಿಮಠವನ್ನು ಕಂಡವರಿಗೆ ಈ ಅರ್ಥಪಲ್ಲಟ ಸಹಜವೆನಿಸುತ್ತದೆ.

ಅರ್ಮೇನಿಯನ್ ಭಾಷೆಯಲ್ಲಿ ಇರಾನಿನ ಪದಗಳು ಎಷ್ಟು ದಟ್ಟವಾಗಿವೆಯೆಂದರೆ, 19ನೆಯ ಶತಮಾನದ ವಿದ್ವಾಂಸರು ಅದನ್ನು ಇರಾನಿಯನ್ ಭಾಷೆಗಳಲ್ಲೊಂದು ಎಂದೇ ಬಗೆದಿದ್ದರು. 1875ರಲ್ಲಿ ಜರ್ಮನಿಯ ಹೈನ್ರಿಶ್ ಹ್ಯುಬ್ಶ್‌ಮನ್ ಎಂಬ ಭಾಷಾವಿಜ್ಞಾನಿ ಎರವಲು ಪದಗಳನ್ನೂ ಮೂಲ ಪದಗಳನ್ನೂ ಬೇರ್ಪಡಿಸಿ ತೋರಿಸಿ, ಅರ್ಮೇನಿಯನ್ ಇಂಡೋ-ಯುರೋಪಿಯನ್ ಕುಟುಂಬದಲ್ಲಿ ಸ್ವತಂತ್ರ ಶಾಖೆಯೆಂದು ಸ್ಥಾಪಿಸಿದರು. ಎಷ್ಟೇ ಪದಗಳನ್ನು ಎರವಲು ತಂದರೂ ಭಾಷೆಯೊಂದರ ವ್ಯಾಕರಣ ಮತ್ತು ಮೂಲ ಪದಸಂಪತ್ತು ಅದನ್ನು ತನ್ನದಾಗಿಯೇ ಉಳಿಸುತ್ತವೆ ಎಂಬುದಕ್ಕೆ ಇದು ಪ್ರಸಿದ್ಧ ನಿದರ್ಶನವಾಗಿದೆ.

ಧ್ವನಿಯೇ ಕಾಲದ ಮುದ್ರೆ

ಒಂದೇ ಪದ ಅರ್ಮೇನಿಯದಲ್ಲಿ ‘ಅಪತ್’, ಕನ್ನಡ ನಾಡಿನಲ್ಲಿ ‘ಆಬಾದ್’ ಎಂದಾದದ್ದು ಏಕೆ? ಇದಕ್ಕೆ ಉತ್ತರ ಆ ಪದ ಹೊರಟ ಕಾಲದಲ್ಲಿದೆ. ಹಳೆಯ ಇರಾನಿಯನ್ ಭಾಷೆಯಲ್ಲಿ ಸ್ವರದ ನಂತರ ಬರುತ್ತಿದ್ದ ‘ಪ’ಕಾರ ಮತ್ತು ‘ತ’ಕಾರಗಳು ಮುಂದೆ ಮೆದುವಾಗಿ ‘ಬ’ಕಾರ, ‘ದ’ಕಾರಗಳಾದವು. ಈ ಬದಲಾವಣೆಗೆ ಮುಂಚಿತವಾಗಿಯೇ ಅರ್ಮೇನಿಯನ್ನರು ಪದವನ್ನು ಪಡೆದುಕೊಂಡರು. ಆದ್ದರಿಂದ ಅವರಲ್ಲಿ ‘ಪ’ ಮತ್ತು ‘ತ’ ಉಳಿದವು. ಬದಲಾವಣೆ ಪೂರ್ಣಗೊಂಡು ಹೊಸ ಪಾರ್ಸಿ ರೂಪುಗೊಂಡ ಮೇಲೆ ದಖನ್ನಿಗೆ ಪದ ಬಂದಿತು. ಆದ್ದರಿಂದ ಇಲ್ಲಿ ‘ಬ’ ಮತ್ತು ‘ದ’ ಕೇಳಿಸುತ್ತವೆ. ದಾಖಲೆಗಳಿಲ್ಲದ ಕಡೆಯೂ ಧ್ವನಿಯನ್ನು ನೋಡಿ ಎರವಲಿನ ಕಾಲವನ್ನು ಅಂದಾಜು ಮಾಡುವುದು ಹೀಗೆ.

ಇಂಥ ಮುದ್ರೆ ಕನ್ನಡದಲ್ಲಿಯೂ ಇದೆ. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆಯಿತು. ‘ಪುಲಿ’ ಎಂಬುದು ‘ಹುಲಿ’ ಆಯಿತು. ‘ಪುಲಿಗೆರೆ’ ಮುಂದಿನ ಕಾಲದಲ್ಲಿ ‘ಹುಲಿಗೆರೆ’ ಎನಿಸಿತು. ‘ಪ’ಕಾರವಿರುವ ರೂಪವನ್ನು ಕಂಡೊಡನೆ ಇದು ಹಳೆಯದೆಂದು ಕನ್ನಡದ ಓದುಗ ಗುರುತಿಸುವಂತೆ, ‘ಅಪತ್’ ಎಂಬ ರೂಪವನ್ನು ಕಂಡೊಡನೆ ಇರಾನಿಯನ್ ಭಾಷೆಗಳ ಅಭ್ಯಾಸಿ ಅದರ ಪ್ರಾಚೀನತೆಯನ್ನು ಗುರುತಿಸುತ್ತಾನೆ.

ಕನ್ನಡ ನಾಡಿಗೆ ಬಂದ ಬಗೆ

1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದ ಮೇಲೆ ‘ಆಬಾದ್’ ಎಂದು ಕೊನೆಗೊಳ್ಳುವ ಹೆಸರುಗಳು ಉತ್ತರ ಕರ್ನಾಟಕದಲ್ಲಿ ಕಾಣಿಸಿಕೊಂಡವು. ಬಹಮನಿ ಸುಲ್ತಾನರು ಕಲಬುರಗಿಯನ್ನು ‘ಅಹ್ಸನಾಬಾದ್’ ಎಂದೂ, ನಂತರದ ರಾಜಧಾನಿಯಾದ ಬೀದರನ್ನು ‘ಮುಹಮ್ಮದಾಬಾದ್’ ಎಂದೂ ಕರೆದರು. ಸುಲ್ತಾನ ಫಿರೋಜ್ ಷಾ 1400ರ ಸುಮಾರಿಗೆ ಭೀಮಾ ನದಿಯ ದಂಡೆಯಲ್ಲಿ ಕಟ್ಟಿಸಿದ ನಗರ ಫಿರೋಜಾಬಾದ್. ಇರಾನಿನ ಗೀಲಾನ್ ಪ್ರಾಂತ್ಯದಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಮಹಮೂದ್ ಗವಾನ್ 1472ರಲ್ಲಿ ಬೀದರಿನ ಮದರಸಾವನ್ನು ಕಟ್ಟಿಸಿದರು. ವಿದ್ವಾಂಸರು, ಸೈನಿಕರು, ವ್ಯಾಪಾರಿಗಳ ಜೊತೆಯಲ್ಲಿ ಪಾರ್ಸಿಯೂ ದಖನ್ನಿನ ದಾರಿಗಳಲ್ಲಿ ಓಡಾಡಿತು.

ಈ ಹೆಸರುಗಳ ಗತಿಯೂ ಗಮನಾರ್ಹವಾಗಿದೆ. ಅಹ್ಸನಾಬಾದ್, ಮುಹಮ್ಮದಾಬಾದ್ ಎಂಬ ಹೆಸರುಗಳು ಶಾಸನ, ನಾಣ್ಯ ಮತ್ತು ಚರಿತ್ರೆಯ ಪುಟಗಳಲ್ಲಿ ಉಳಿದವು. ಜನರ ಬಾಯಲ್ಲಿ ಕಲಬುರಗಿ ಮತ್ತು ಬೀದರ್ ಎಂಬ ಹೆಸರುಗಳೇ ಗೆದ್ದವು. ಮೊದಲೇ ಹೆಸರಿದ್ದ ಊರಿಗೆ ಅರಸರು ಕೊಟ್ಟ ಬಿರುದು ಬಹುಕಾಲ ನಿಲ್ಲುವುದು ಕಷ್ಟ. ಆದರೆ ಕಲಬುರಗಿ ಜಿಲ್ಲೆಯಲ್ಲಿ ಹಾಸುಗಲ್ಲಿಗೆ ಹೆಸರಾದ ಶಹಾಬಾದ್, ಬೀದರ್ ಜಿಲ್ಲೆಯ ಹುಮನಾಬಾದ್ ಮತ್ತು ಕೊಪ್ಪಳ ಜಿಲ್ಲೆಯ ಮುನಿರಾಬಾದ್ ಹೆಸರುಗಳು ನಿತ್ಯ ಬಳಕೆಗೆ ಇಳಿದು ಬೇರೂರಿದವು.

ಬೇರೂರಿದ ಹೆಸರಿಗೆ ಕನ್ನಡ ತನ್ನ ವಿಭಕ್ತಿಗಳನ್ನು ತೊಡಿಸಿತು. ಮುನಿರಾಬಾದಿನಲ್ಲಿ, ಮುನಿರಾಬಾದಿಗೆ, ಮುನಿರಾಬಾದಿನವರು ಎನ್ನುವಾಗ ಪದದ ಮೂಲ ಯಾವುದೆಂದು ಯಾರೂ ಯೋಚಿಸುವುದಿಲ್ಲ. ‘ಮುನೀರ್’ನ ದೀರ್ಘವೂ ಹ್ರಸ್ವವಾಯಿತು. ಕನ್ನಡ ವ್ಯಾಕರಣದಲ್ಲಿ ಇಂಥ ಪದಗಳನ್ನು ‘ಅನ್ಯದೇಶ್ಯ’ ಎಂದು ಕರೆಯುವ ರೂಢಿಯಿದೆ. ದೇಶ ಅನ್ಯವಾದರೂ ಪದ ಅನ್ಯವಾಗಿ ಉಳಿಯಲಿಲ್ಲ ಎಂಬುದಕ್ಕೆ ಈ ವಿಭಕ್ತಿಗಳೇ ಸಾಕ್ಷಿ.

ದಾರಿ ತಪ್ಪಿಸುವ ಹೋಲಿಕೆಗಳು

‘ಆಬಾದ್’ ಪದದಂತೆಯೇ ಕೇಳಿಸುವ ಇನ್ನೂ ಕೆಲವು ಪದಗಳು ಬಳಕೆಯಲ್ಲಿವೆ. ಆದರೆ ಅವುಗಳ ಮೂಲ ಬೇರೆ. ಸಭೆ ಮೆರವಣಿಗೆಗಳಲ್ಲಿ ಕೇಳಿಬರುವ ‘ಜಿಂದಾಬಾದ್’ ಘೋಷಣೆಯಲ್ಲಿ ಇರುವುದು ‘ಆಬಾದ್’ ಅಲ್ಲ. ಅಲ್ಲಿ ‘ಜಿಂದಾ’ ಎಂದರೆ ಜೀವಂತ. ‘ಬಾದ್’ ಎಂದರೆ ‘ಆಗಿರಲಿ’ ಎಂಬ ಹಾರೈಕೆಯ ಕ್ರಿಯಾಪದ. ‘ಬಾಳಲಿ’ ಎಂಬುದು ಒಟ್ಟು ಅರ್ಥ. ‘ಮುರ್ದಾಬಾದ್’ ಘೋಷಣೆಯ ರಚನೆಯೂ ಇದೇ ಬಗೆಯದು. ಆದರೆ ಉತ್ತರ ಪ್ರದೇಶದ ನಗರವಾದ ಮುರಾದಾಬಾದಿನಲ್ಲಿ ಇರುವುದು ಊರನ್ನು ಸೂಚಿಸುವ ನಿಜವಾದ ‘ಆಬಾದ್’.

ಹಾಳಾಯಿತು ಎಂಬರ್ಥದಲ್ಲಿ ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಬಳಸುವ ‘ಬರಬಾದ್’ ಪದವನ್ನು ‘ಆಬಾದ್’ನ ವಿರುದ್ಧ ಪದವೆಂದು ಭಾವಿಸುವುದುಂಟು. ಅರ್ಥದಲ್ಲಿ ಅದು ಸರಿ, ಮೂಲದಲ್ಲಿ ಅಲ್ಲ. ‘ಬರ್’ ಎಂದರೆ ಮೇಲೆ, ‘ಬಾದ್’ ಎಂದರೆ ಗಾಳಿ. ಗಾಳಿಗೆ ತೂರಿದ್ದು, ಗಾಳಿಪಾಲಾದದ್ದು ಎಂಬುದು ಅದರ ಮೂಲ ಚಿತ್ರ. ಹಾಗೆಯೇ ‘ಧಾರವಾಡ’ದ ಕೊನೆಯಲ್ಲಿರುವ ‘ವಾಡ’ವು ಆವರಣ, ಬಡಾವಣೆ ಎಂಬರ್ಥದ ಸಂಸ್ಕೃತದ ‘ವಾಟ’ದಿಂದ ಬಂದದ್ದು, ಅದಕ್ಕೂ ‘ಆಬಾದ್’ಗೂ ನಂಟಿಲ್ಲ.

ಖುಷ್ಕಿ, ತರಿ ಮತ್ತು ಬೇಚರಾಕ್

ಕಾಪಾಡಲ್ಪಟ್ಟ ನೆಲ ಎಂಬ ಅರ್ಥ ಈ ಪ್ರದೇಶದಲ್ಲಿ ಬರಿಯ ನಿಘಂಟಿನ ಮಾತಾಗಿ ಉಳಿದಿಲ್ಲ. 1945ರ ಫೆಬ್ರುವರಿ 28ರಂದು ತುಂಗಭದ್ರಾ ಅಣೆಕಟ್ಟೆಗೆ ಶಂಕುಸ್ಥಾಪನೆಯಾಯಿತು. ಎಡದಂಡೆಯ ಹೈದರಾಬಾದ್ ಭಾಗದಲ್ಲಿ ಬೇರಾರಿನ ರಾಜಕುಮಾರರು, ಬಲದಂಡೆಯ ಮದ್ರಾಸ್ ಭಾಗದಲ್ಲಿ ಗವರ್ನರ್ ಸರ್ ಆರ್ಥರ್ ಹೋಪ್ ಅಡಿಗಲ್ಲು ಇಟ್ಟರು. 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಸುಣ್ಣ ಹಾಗೂ ಇಟ್ಟಿಗೆಪುಡಿಯ ಗಾರೆಯಿಂದ ಈ ಕಲ್ಲಿನ ಕಟ್ಟೆಯನ್ನು ಕಟ್ಟಲಾಗಿದೆ. ಆ ಇಟ್ಟಿಗೆಪುಡಿಗೆ ಗಾರೆ ಕೆಲಸದವರು ಹೇಳುವ ‘ಸುರ್ಕಿ’ ಎಂಬ ಹೆಸರೂ ಕೆಂಪು ಎಂಬರ್ಥದ ಪಾರ್ಸಿಯ ‘ಸುರ್ಖ್’ನಿಂದ ಬಂದುದಾಗಿದೆ.

ಮುನಿರಾಬಾದಿನ ಬಳಿ ಹೊರಡುವ ಎಡದಂಡೆ ಕಾಲುವೆ ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ಜಮೀನಿಗೆ ನೀರುಣಿಸಿತು. ಗಂಗಾವತಿ ಸೀಮೆ ಭತ್ತದ ಕಣಜವೆನಿಸಿತು. ರೈತರ ಪಹಣಿಗಳಲ್ಲಿ ‘ಖುಷ್ಕಿ’ ಎಂದಿದ್ದ ಹೊಲಗಳು ‘ತರಿ’ಯಾದವು. ಈ ಎರಡು ಪದಗಳೂ ಪಾರ್ಸಿಯವೇ. ‘ತರ್’ ಎಂದರೆ ಹಸಿ, ಒದ್ದೆ. ‘ಖುಷ್ಕ್’ ಎಂದರೆ ಒಣಗಿದ್ದು. ಸಂಸ್ಕೃತದ ‘ಶುಷ್ಕ’ ಮತ್ತು ಪಾರ್ಸಿಯ ‘ಖುಷ್ಕ್’ ಒಂದೇ ಮೂಲದ ಎರಡು ಕವಲುಗಳು. ತೋಟದ ಜಮೀನಿಗೆ ಹೇಳುವ ‘ಬಾಗಾಯ್ತು’ ಪದದಲ್ಲಿ ಬಾಗವಾನನ ‘ಬಾಗ್’ ಇದೆ. ಕಂದಾಯದ ದರ, ಜಮೀನಿನ ಬೆಲೆ, ಸಾಲದ ಮೊತ್ತ, ಭೂಸ್ವಾಧೀನದ ಪರಿಹಾರ ಇವೆಲ್ಲ ಚರ್ಚೆಗೆ ಬಂದಾಗ ರೈತನ ಹೊಲ ಖುಷ್ಕಿಯೋ, ತರಿಯೋ, ಬಾಗಾಯ್ತೋ ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ಪರದೇಶದಿಂದ ಬಂದ ಪದವೊಂದರ ಮೇಲೆ ಕುಟುಂಬವೊಂದರ ಬದುಕು ನಿಂತಿರುವುದು ಹೀಗೆ.

ಆದರೆ ಒಂದು ಕಡೆ ನೆಲ ಆಬಾದ್ ಆದಾಗ ಇನ್ನೊಂದು ಕಡೆ ನೆಲ ನಿರ್ಜನವಾಯಿತು. ಜಲಾಶಯದ ಹಿನ್ನೀರಿನಲ್ಲಿ ಸುಮಾರು 90 ಗ್ರಾಮಗಳು ಮುಳುಗಿದವು. 50 ಸಾವಿರಕ್ಕೂ ಹೆಚ್ಚು ಜನ ಮನೆಮಾರು ತೊರೆದರು. ಬಲದಂಡೆಯ ನಾರಾಯಣದೇವರಕೆರೆಯಂಥ ದೊಡ್ಡ ಊರಿನ ಜನ ದೇವರುಗಳ ಸಮೇತ ಮರಿಯಮ್ಮನಹಳ್ಳಿಗೆ ಬಂದು ನೆಲೆಸಬೇಕಾಯಿತು.

ಜನವಸತಿಯಿಲ್ಲದ ಗ್ರಾಮವನ್ನು ಕರ್ನಾಟಕದ ಕಂದಾಯ ಇಲಾಖೆ ‘ಬೇಚರಾಕ್ ಗ್ರಾಮ’ ಎಂದು ಕರೆಯುತ್ತದೆ. ಇದೂ ಪಾರ್ಸಿಯಿಂದ ಬಂದ ಪದ. ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ಬೇಚರಾಕ್ ಎಂದರೆ ದೀಪವಿಲ್ಲದ ಊರು. ಸಂಜೆ ದೀಪ ಹಚ್ಚುವ ಕೈಯೊಂದೂ ಇಲ್ಲದ ಊರು ಎಂಬುದನ್ನು ಕಂದಾಯದ ಕಡತ ಒಂದೇ ಪದದಲ್ಲಿ ದಾಖಲಿಸುತ್ತದೆ. ಅರ್ಮೇನಿಯನ್ನರು ‘ಅನಪತ್’ ಎಂದು ಹೇಳಿದ್ದನ್ನು ಕನ್ನಡದ ಕಂದಾಯ ಭಾಷೆ ದೀಪದ ಮೂಲಕ ಹೇಳಿತು. ಬೆಳಕಿನ ಹೆಸರು ಹೊತ್ತ ಮುನಿರಾಬಾದ್ ಮತ್ತು ದೀಪವಿಲ್ಲದ ಬೇಚರಾಕ್ ಎಂಬ ಪದಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅಣೆಕಟ್ಟೆ ಈ ಸೀಮೆಗೆ ಕೊಟ್ಟದ್ದೂ, ಪಡೆದದ್ದೂ ಎರಡೂ ಕಾಣಿಸುತ್ತವೆ.

ಎರಡು ಹೆಸರಿನ ಊರುಗಳು

ಊರಿಗೊಂದು, ಅಲ್ಲಿನ ಪವಿತ್ರ ಕ್ಷೇತ್ರಕ್ಕೊಂದು ಹೆಸರಿರುವ ಪರಿಸ್ಥಿತಿ ಹುಲಿಗಿಗೆ ಮಾತ್ರ ಸೀಮಿತವಲ್ಲ. ವಾಘರ್ಶಪತ್ ನಗರದಲ್ಲಿಯೇ ಅರ್ಮೇನಿಯನ್ ಚರ್ಚಿನ ಪ್ರಧಾನ ಪೀಠವಾದ ಎಚ್ಮಿಯಾಡ್ಜಿನ್ ಇದೆ. ಯಾತ್ರಿಕರಿಗೆ ಮುಖ್ಯವಾದದ್ದು ಆ ಕ್ಷೇತ್ರದ ಹೆಸರು. 1945ರಲ್ಲಿ ನಗರಕ್ಕೇ ಎಚ್ಮಿಯಾಡ್ಜಿನ್ ಎಂದು ಹೆಸರಿಡಲಾಯಿತು. ಸೋವಿಯತ್ ಆಡಳಿತ ಮುಗಿದ ಮೇಲೆ, 1995ರಲ್ಲಿ, ವಾಘರ್ಶಪತ್ ಎಂಬ ಹಳೆಯ ಹೆಸರನ್ನು ಮರಳಿ ತರಲಾಯಿತು. ಅಷ್ಟಾದರೂ ಜನ ಊರನ್ನು ಎಚ್ಮಿಯಾಡ್ಜಿನ್ ಎಂದು ಕರೆಯುವುದನ್ನು ಬಿಡಲಿಲ್ಲ. ಅಲ್ಲಿ ಇರಾನಿನಿಂದ ಬಂದ ‘ಅಪತ್’ ಪರಕೀಯವೆಂದು ಯಾರಿಗೂ ಅನ್ನಿಸಿಲ್ಲ. ಹದಿನೆಂಟು ಶತಮಾನಗಳ ಬಳಕೆ ಅದನ್ನು ಸ್ವಂತದ್ದಾಗಿಸಿದೆ.

ಕರ್ನಾಟಕದಲ್ಲಿಯೂ ಹೆಸರುಗಳ ಬದಲಾವಣೆ ಹೊಸದಲ್ಲ. 2014ರ ನವೆಂಬರ್ 1ರಂದು ಗುಲ್ಬರ್ಗ ಅಧಿಕೃತವಾಗಿ ಕಲಬುರಗಿಯಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ‘ಕಲ್ಯಾಣ ಕರ್ನಾಟಕ’ವಾಯಿತು. 1997-98ರಲ್ಲಿ ಮಂಜೂರಾದ ‘ಮುನಿರಾಬಾದ್-ಮಹಬೂಬನಗರ’ ರೈಲು ಮಾರ್ಗದ ಹೆಸರಿನಲ್ಲಿ ಅರಬ್ಬಿ, ಪಾರ್ಸಿ ಮತ್ತು ಸಂಸ್ಕೃತ ಮೂರೂ ಭಾಷೆಗಳ ಪದಗಳು ಒಟ್ಟಾಗಿವೆ. ಯಾವ ಹೆಸರು ಇರಬೇಕೆಂಬುದನ್ನು ತೀರ್ಮಾನಿಸುವುದು ಜನರಿಗೂ ಸರ್ಕಾರಕ್ಕೂ ಬಿಟ್ಟ ವಿಷಯ. ಆ ತೀರ್ಮಾನಕ್ಕೆ ಮುನ್ನ ಪದದ ಅರ್ಥ ತಿಳಿದಿರುವುದು ಒಳಿತು. ‘ಆಬಾದ್’ ಎಂಬುದು ಗೆದ್ದುಕೊಂಡ ನೆಲ ಎಂದಲ್ಲ; ಅದು ಕಾಯಲ್ಪಟ್ಟ ನೆಲ ಎಂಬರ್ಥದ ಪದ.

ಕಾಯುವುದೆಂದರೇನು ಎಂಬುದನ್ನು ಈ ಸೀಮೆಯ ಜನ 2024ರ ಆಗಸ್ಟ್ 10ರ ರಾತ್ರಿ ಕಣ್ಣಾರೆ ಕಂಡರು. ತುಂಬಿ ನಿಂತಿದ್ದ ಜಲಾಶಯದ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಬೆಳೆಗಾಗಿ ಕಾದಿದ್ದ ನೀರು ನದಿಯ ಪಾಲಾಗತೊಡಗಿತು. ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಹಲಗೆಗಳನ್ನು ಇಳಿಸಿ ಸುಮಾರು ಒಂದು ವಾರದಲ್ಲಿ ಆ ಬಾಗಿಲನ್ನು ಮುಚ್ಚಲಾಯಿತು. ಆ ಒಂದು ವಾರ ಕಾಲುವೆಯಂಚಿನ ರೈತರು ಕೇಳುತ್ತಿದ್ದ ಪ್ರಶ್ನೆ ಒಂದೇ: ಬೆಳೆಗೆ ನೀರು ಉಳಿದೀತೇ? ಹೊಲ ತರಿಯಾಗಿ ಉಳಿಯುವುದೂ, ಊರು ಆಬಾದಾಗಿ ಉಳಿಯುವುದೂ ಆ ಕಾವಲಿನ ಮೇಲೆಯೇ ನಿಂತಿದೆ.